ಲಿಥಿಯಂ ಬ್ಯಾಟರಿಗೆ ತಕ್ಕ ವೈರಿಂಗ್

ಇನ್ವರ್ಟರಿಗೆ ಜೋಡಿಸಿದ ಸೀಸ-ಆಮ್ಲದ ಬ್ಯಾಟರಿಯನ್ನು ತೆಗೆದು ಆ ಜಾಗದಲ್ಲಿ ಲಿಥಿಯಂ ಬ್ಯಾಟರಿ ಕೂರಿಸುವುದು ಮೇಲುನೋಟಕ್ಕೆ ಎರಡು ನಟ್ಟು ಬಿಚ್ಚಿ ಬಿಗಿಯುವ ಕೆಲಸ. ಎರಡನ್ನೂ 12 ವೋಲ್ಟಿನ ಬ್ಯಾಟರಿ ಎಂದೇ ಕರೆಯುತ್ತಾರೆ. ಆದರೆ ಒಳಗಿನ ರಸಾಯನ ಬೇರೆ, ಚಾರ್ಜ್ ಆಗುವ ಬಗೆ ಬೇರೆ. ಆದ್ದರಿಂದ ಬ್ಯಾಟರಿಯ ಜೊತೆಗೆ ಚಾರ್ಜರಿನ ಸೆಟ್ಟಿಂಗ್, ಫ್ಯೂಸ್, ವೈರಿನ ದಪ್ಪ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಆದವಾನಿ, ಆಲೂರು, ಕೋಸಿಗಿ, ಮಂತ್ರಾಲಯದ ಸೀಮೆಯಲ್ಲಿ ಈ ಲೆಕ್ಕಕ್ಕೆ ಇನ್ನೆರಡು ಸಂಗತಿಗಳು ಸೇರುತ್ತವೆ: 40 ಡಿಗ್ರಿ ಸೆಲ್ಸಿಯಸ್ ದಾಟುವ ಬೇಸಿಗೆ ಮತ್ತು ಹತ್ತಿ.

ಎರಡು ಬ್ಯಾಟರಿ, ಎರಡು ಸ್ವಭಾವ

ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದರು. ಅದರ ಒಂದು ಕೋಶಕ್ಕೆ ಸುಮಾರು 2 ವೋಲ್ಟ್. ಆರು ಕೋಶ ಸೇರಿದರೆ 12. ಮನೆ ಬಳಕೆಗೆ ಬರುವ ಲಿಥಿಯಂ ಬ್ಯಾಟರಿ ಹೆಚ್ಚಾಗಿ ಲಿಥಿಯಂ ಐರನ್ ಫಾಸ್ಫೇಟಿನದು. ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಮತ್ತು ಭಾರತ ಮೂಲದ ಅಕ್ಷಯ ಪಾಢಿ ಇದ್ದ ತಂಡ ಈ ವಸ್ತುವಿನ ಗುಣವನ್ನು 1997ರಲ್ಲಿ ಪ್ರಕಟಿಸಿತು. ಇದರ ಒಂದು ಕೋಶಕ್ಕೆ 3.2 ವೋಲ್ಟ್, ನಾಲ್ಕು ಸೇರಿ 12.8.

150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಶಕ್ತಿ ಇದ್ದರೂ, ಅದು ಬಾಳಬೇಕಾದರೆ ಅರ್ಧದಷ್ಟನ್ನೇ, ಎಂದರೆ 900ನ್ನು ಬಳಸಬೇಕು. 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿರುವುದು 1,280; ಅದರಲ್ಲಿ ಶೇಕಡ 80ರಷ್ಟು ಬಳಸಿದರೂ 1,000 ದಾಟುತ್ತದೆ. ಚಿಕ್ಕ ಬ್ಯಾಟರಿಯೇ ದೊಡ್ಡದರ ಕೆಲಸ ಮಾಡುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವೂ ಇಲ್ಲ.

ಚಾರ್ಜಿಂಗ್ ಹೊಂದಾಣಿಕೆ

ಲಿಥಿಯಂ ಕೋಶವೊಂದು 3.65 ವೋಲ್ಟ್ ಮೀರಬಾರದು, ನಾಲ್ಕಕ್ಕೆ 14.6. ಕೋಶಗಳನ್ನು ಕಾಯಲು ಬ್ಯಾಟರಿಯೊಳಗೇ ಬಿಎಂಎಸ್ ಎಂಬ ಎಲೆಕ್ಟ್ರಾನಿಕ್ ಕಾವಲು ಇರುತ್ತದೆ. ಮಿತಿ ಮೀರಿದರೆ ಅದು ಬ್ಯಾಟರಿಯ ಸಂಪರ್ಕವನ್ನೇ ಕಡಿದುಹಾಕುತ್ತದೆ. ಹಳೆಯ ಇನ್ವರ್ಟರಿನಲ್ಲಿ ಸೀಸದ ಟ್ಯೂಬುಲರ್ ಬ್ಯಾಟರಿಗೆಂದು ಇರುವ ಸೆಟ್ಟಿಂಗ್ ಕೆಲವೊಮ್ಮೆ ಈ ಮಿತಿಯನ್ನು ದಾಟುತ್ತದೆ. ಆದ್ದರಿಂದ ಲಿಥಿಯಂ ಸೆಟ್ಟಿಂಗ್ ಇರುವ ಇನ್ವರ್ಟರೇ ಬೇಕು. ಸೀಸದ ಬ್ಯಾಟರಿಗೆ ಆಗಾಗ ಹೆಚ್ಚು ವೋಲ್ಟ್ ಕೊಟ್ಟು ಕೋಶಗಳನ್ನು ಸಮ ಮಾಡುವ ವ್ಯವಸ್ಥೆ ಸೋಲಾರ್ ಚಾರ್ಜರಿನಲ್ಲಿದ್ದರೆ ಅದನ್ನು ನಿಲ್ಲಿಸಬೇಕು. ಹಳೆಯ ಸೀಸದ ಬ್ಯಾಟರಿಯನ್ನೂ ಹೊಸ ಲಿಥಿಯಂ ಬ್ಯಾಟರಿಯನ್ನೂ ಜೊತೆಗೂಡಿಸಿ ಕಟ್ಟಲೇಬಾರದು.

ಯಾತ್ರೆಯ ವ್ಯಾನು, ಕ್ಯಾಂಪರ್ ವ್ಯಾನುಗಳಲ್ಲಿ ಇನ್ನೊಂದು ತೊಡಕಿದೆ. ಫ್ಯಾನು, ದೀಪ, ಫ್ರಿಜ್ಜಿಗೆಂದು ಇಟ್ಟ ಎರಡನೇ ಬ್ಯಾಟರಿ ಲಿಥಿಯಂನದಾದರೆ ಅದು ಎಂಜಿನ್ನಿನ ಆಲ್ಟರ್ನೇಟರಿನಿಂದ ಸಿಕ್ಕಷ್ಟು ಕರೆಂಟನ್ನು ಎಳೆಯುತ್ತದೆ; ಆಲ್ಟರ್ನೇಟರ್ ಕಾಯ್ದು ಸುಟ್ಟುಹೋಗಬಹುದು. ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿದರೆ ಕರೆಂಟು ನಿಗದಿತ ಮಿತಿಯಲ್ಲೇ ಹರಿಯುತ್ತದೆ.

ವೈರು ಮತ್ತು ಫ್ಯೂಸ್

12 ವೋಲ್ಟಿನ ವ್ಯವಸ್ಥೆಯಲ್ಲಿ ಕರೆಂಟಿನ ಪ್ರಮಾಣ ದೊಡ್ಡದು. 1,000 ವ್ಯಾಟ್ ಹೊರೆಗೆ ಇನ್ವರ್ಟರ್ ಬ್ಯಾಟರಿಯಿಂದ ಸುಮಾರು 90 ಆಂಪಿಯರ್ ಎಳೆಯುತ್ತದೆ. ಹೋಗಿ ಬರುವ ದಾರಿ ಒಟ್ಟು 4 ಮೀಟರ್ ಇದ್ದು, ತಾಮ್ರದ ವೈರು 16 ಚದರ ಮಿಲಿಮೀಟರಿನದಾದರೆ ಸುಮಾರು 0.4 ವೋಲ್ಟ್ ವೈರಿನಲ್ಲೇ ಕಳೆದುಹೋಗುತ್ತದೆ. 35 ವ್ಯಾಟಿನಷ್ಟು ಶಕ್ತಿ ಬರೀ ಬಿಸಿಯಾಗುತ್ತದೆ. 35 ಚದರ ಮಿಲಿಮೀಟರಿನ ವೈರು ಹಾಕಿದರೆ ನಷ್ಟ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ವೈರು ಆದಷ್ಟು ಗಿಡ್ಡವಿರಬೇಕು, ವೈರಿನ ತುದಿಯ ಲಗ್ಗನ್ನು ಸರಿಯಾದ ಉಪಕರಣದಿಂದ ಒತ್ತಿ ಕೂರಿಸಬೇಕು. ಸಡಿಲ ಕೂಡಿಕೆ ಕಾಯುತ್ತದೆ. ಆದವಾನಿಯ ಜಿನ್ನಿಂಗ್ ಮಿಲ್ಲು, ಹತ್ತಿ ಗೋದಾಮುಗಳಲ್ಲಿ ಗಾಳಿಯಲ್ಲಿ ತೇಲುವ ಅರಳೆಗೆ ಕಾಯ್ದ ಒಂದು ಟರ್ಮಿನಲ್ ಸಾಕು, ಬೆಂಕಿ ಹತ್ತಲು. ಹತ್ತಿ ಇರುವೆಡೆಯಿಂದ ಬ್ಯಾಟರಿಯನ್ನು ಬೇರೆ ಕೋಣೆಗೆ ಸರಿಸುವುದೇ ಕ್ಷೇಮ.

ಲಿಥಿಯಂ ಕೋಶದ ಒಳ ಪ್ರತಿರೋಧ ಬಹಳ ಕಡಿಮೆ. ಶಾರ್ಟ್ ಆದರೆ ಕ್ಷಣದಲ್ಲಿ ಸಾವಿರಾರು ಆಂಪಿಯರ್ ಹರಿಯಬಹುದು. ಆದ್ದರಿಂದ ಅಷ್ಟು ಕರೆಂಟನ್ನು ತಡೆದು ನಿಲ್ಲಿಸಬಲ್ಲ ಟಿ-ಕ್ಲಾಸ್ ಫ್ಯೂಸನ್ನು ಪಾಸಿಟಿವ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಹಾಕಬೇಕು. ಮನೆಯ ಮೀಟರ್ ಬೋರ್ಡಿನ ಸಾಮಾನ್ಯ ಎಂಸಿಬಿ ಇಲ್ಲಿ ಕೆಲಸಕ್ಕೆ ಬಾರದು. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುವುದರಿಂದ ಸ್ವಿಚ್ಚಿನಲ್ಲಿ ಹುಟ್ಟಿದ ಕಿಡಿ ತಾನೇ ಆರುತ್ತದೆ. ಡಿಸಿ ಎಡೆಬಿಡದೆ ಹರಿಯುವುದರಿಂದ ಕಿಡಿ ಉರಿಯುತ್ತಲೇ ಇರುತ್ತದೆ.

ಬಿಸಿಲು ಮತ್ತು ಅಳತೆ

25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಸೀಸದ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧವಾಗುತ್ತದೆ. ಲಿಥಿಯಂ ಬ್ಯಾಟರಿ ಬಿಸಿಯನ್ನು ಹೆಚ್ಚು ತಾಳಿಕೊಂಡರೂ ಬಾಧೆ ತಪ್ಪಿದ್ದಲ್ಲ; ಹಲವು ಬ್ಯಾಟರಿಗಳ ಚಾರ್ಜಿಂಗ್ ಮಿತಿ 45 ಡಿಗ್ರಿ. ತಗಡಿನ ಛಾವಣಿಯ ಕೆಳಗೆ ಮೇ ತಿಂಗಳಲ್ಲಿ ಅಷ್ಟು ಬಿಸಿ ಸುಲಭವಾಗಿ ಏರುತ್ತದೆ. ಗಾಳಿಯಾಡುವ ನೆರಳಿನ ಮೂಲೆಯೇ ಬ್ಯಾಟರಿಗೆ ಸರಿಯಾದ ಜಾಗ.

ಸೀಸದ ಬ್ಯಾಟರಿ ಖಾಲಿಯಾದಂತೆ ಅದರ ವೋಲ್ಟೇಜು ಇಳಿಯುತ್ತಾ ಬರುತ್ತದೆ. ಲಿಥಿಯಂನದು ಬಹುಪಾಲು 13 ವೋಲ್ಟಿನ ಆಸುಪಾಸಿನಲ್ಲೇ ನಿಂತು, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ವೋಲ್ಟ್‌ಮೀಟರ್ ನೋಡಿ ಉಳಿಕೆ ತಿಳಿಯಲಾಗದು. ಒಳಬಂದ, ಹೊರಹೋದ ಕರೆಂಟನ್ನು ಎಣಿಸುವ ಶಂಟ್ ಮೀಟರ್ ಬೇಕು.

ಕಡೆಯ ಹೆಜ್ಜೆ

ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಕೈಯ ಉಂಗುರ, ಬಳೆ ತೆಗೆದಿಟ್ಟಿರಬೇಕು. ಇಳಿಸಿದ ಹಳೆಯ ಬ್ಯಾಟರಿಯಲ್ಲಿ ಸೀಸವೂ ಗಂಧಕಾಮ್ಲವೂ ಇರುತ್ತವೆ. ಅದನ್ನು ಬಯಲಲ್ಲಿ ಒಡೆದು ಕರಗಿಸಿದರೆ ಮಣ್ಣು, ನೀರು ಕೆಡುತ್ತವೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮನೆಗಸದಿಂದ ಬೇರೆಯಾಗಿಟ್ಟು, ಸಂಗ್ರಹಿಸುವವರಿಗೆ ಅಥವಾ ಮರುಬಳಕೆ ಮಾಡುವವರಿಗೆ ಒಪ್ಪಿಸುವುದು ಬಳಕೆದಾರರ ಹೊಣೆ. ಹಳೆಯದು ಸರಿಯಾದ ಕೈ ಸೇರಿದ ಮೇಲೆಯೇ ಹೊಸದನ್ನು ಕೂರಿಸುವ ಕೆಲಸ ಮುಗಿದಂತೆ.