ಗುರುವಿನ ಸಾಕ್ಷ್ಯ

ಸೂರ್ಯನೇ ಉದಯಿಸದ ನಾಡಿನಲ್ಲಿ ಗಡಿಯಾರವೂ ನಿಂತುಹೋದರೆ, ಇಂದು ಯಾವ ದಿನವೆಂದು ಹೇಳುವವರಾರು?

೧೫೯೬ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್ ಹಾಗೂ ಸಂಗಡಿಗರ ಹಡಗು ಉತ್ತರ ಧ್ರುವಸಾಗರದ ನೊವಾಯ ಜೆಮ್ಲ್ಯ ದ್ವೀಪದ ಬಳಿ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು. ಮರದ ಮನೆಯೊಂದನ್ನು ಕಟ್ಟಿಕೊಂಡು ಅವರು ಚಳಿಗಾಲವನ್ನು ನೂಕಿದರು. ನವೆಂಬರಿನಲ್ಲಿ ಸೂರ್ಯನು ಮರೆಯಾದನು. ಕೊರೆಯುವ ಚಳಿಗೆ ಗಡಿಯಾರವು ನಿಂತಿತು. ಹನ್ನೆರಡು ಗಂಟೆಯ ಮರಳುಗಡಿಯಾರವೊಂದೇ ಗತಿಯಾಯಿತು.

೧೫೯೭ರ ಜನವರಿ ೨೪ರಂದು ಮೂವರು ದಿಗಂತದಲ್ಲಿ ಸೂರ್ಯನ ಅಂಚನ್ನು ಕಂಡರು. ಬಾರೆಂಟ್ಸ್ ನಂಬಲಿಲ್ಲ. ಲೆಕ್ಕದಂತೆ ಸೂರ್ಯದರ್ಶನಕ್ಕೆ ಇನ್ನೂ ಎರಡು ವಾರಗಳಿದ್ದವು. ಹಾಗಾದರೆ ದಿನದ ಎಣಿಕೆಯೇ ತಪ್ಪಿತೇ?

ಅವರಲ್ಲಿ ನಮ್ಮ ಪಂಚಾಂಗದಂತಹ ಗ್ರಹಗತಿಯ ಪುಸ್ತಕವಿತ್ತು. ಅದೇ ರಾತ್ರಿ ಚಂದ್ರನೂ ಗುರುವೂ ಕೂಡುವರೆಂದು ಅದು ತಿಳಿಸಿತ್ತು. ಅವರು ಆಕಾಶವನ್ನು ಕಾದು ನೋಡಿದರು. ನಕ್ಷತ್ರಗಳಂತೆ ಮಿನುಗದೆ ಸ್ಥಿರವಾಗಿ ಬೆಳಗುವ ಗುರುವಿನತ್ತ ಚಂದ್ರನು ಮೆಲ್ಲನೆ ಸರಿದನು. ಬೆಳಗಿನ ಜಾವ ಇಬ್ಬರೂ ಕೂಡಿದರು. ತಾರೀಖು ತಪ್ಪಿರಲಿಲ್ಲ!

ಕಂಡ ಸೂರ್ಯನೂ ಸುಳ್ಳಲ್ಲ. ದಿಗಂತದ ಕೆಳಗಿದ್ದ ಅವನ ಕಿರಣಗಳನ್ನು ಶೀತಲ ವಾಯುವಿನ ಪದರಗಳು ಬಾಗಿಸಿ ತಂದಿದ್ದವು. ವಿಜ್ಞಾನಿಗಳು ಈ ದೃಶ್ಯವನ್ನು ಇಂದಿಗೂ ಆ ದ್ವೀಪದ ಹೆಸರಿನಿಂದಲೇ ಕರೆಯುತ್ತಾರೆ.

ಬಾರೆಂಟ್ಸ್ ಆ ಜೂನಿನಲ್ಲಿ, ಮರಳುವ ದಾರಿಯಲ್ಲೇ ತೀರಿಕೊಂಡನು. ಹನ್ನೆರಡು ಮಂದಿ ಊರು ಸೇರಿದರು. ಅವರೊಡನೆ ಆ ರಾತ್ರಿಯ ಕಥೆಯೂ ಬಂದಿತು.