ಕೊಡಚಾದ್ರಿಯನ್ನು ಏರುವ ಮುನ್ನ

ಮಕ್ಕಳಿಗೆ ರಜೆ ಸಮೀಪಿಸಿತೆಂದರೆ ಮನೆಮಂದಿಯೆಲ್ಲ ಕೂಡಿ ಎಲ್ಲಿಗಾದರೂ ಹೋಗಿಬರಬೇಕೆಂಬ ಅಪೇಕ್ಷೆ ಮೂಡುವುದು ಸಹಜ. ಬೆಟ್ಟವೊಂದನ್ನು ಕಾಲ್ನಡಿಗೆಯಲ್ಲಿ ಏರುವುದು ದೇಹಕ್ಕೆ ವ್ಯಾಯಾಮ, ಮನಸ್ಸಿಗೆ ವಿಶ್ರಾಂತಿ. ಆದರೆ ಪೇಟೆಯ ಪ್ರವಾಸದಲ್ಲಿ ದಣಿದವರು ವಾಹನವೇರಿ ಮರಳಬಹುದು. ಕಾಡುದಾರಿಯಲ್ಲಿ ಏರಿದಷ್ಟನ್ನೂ ತಮ್ಮ ಕಾಲಿನಿಂದಲೇ ಇಳಿಯಬೇಕು. ಆದ್ದರಿಂದ ಗಿರಿಯಾತ್ರೆಯ ಯೋಜನೆಯೆಂದರೆ ಮುಖ್ಯವಾಗಿ ಸುರಕ್ಷಿತವಾಗಿ ಮರಳುವ ಯೋಜನೆ. ಇದನ್ನು ಕೊಡಚಾದ್ರಿಯ ನಿದರ್ಶನದಿಂದ ವಿವರಿಸಬಯಸುತ್ತೇವೆ.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿರುವ ಈ ಗಿರಿಯ ಎತ್ತರ 1,343 ಮೀಟರ್, ಅಂದರೆ ಸುಮಾರು 4,400 ಅಡಿ. ಕೆಳಗೆ ದಟ್ಟವಾದ ನಿತ್ಯಹರಿದ್ವರ್ಣದ ಕಾಡು. ಮೇಲೆ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು. ಶಿಖರದ ಕೆಳಗೆ ಮೂಕಾಂಬಿಕೆಯ ಮೂಲಸ್ಥಾನವೆನಿಸಿದ ದೇಗುಲವೂ ಅದರ ಮುಂದೆ ಎತ್ತರವಾದ ಕಬ್ಬಿಣದ ಕಂಬವೂ ಇವೆ. ಶಿಖರದಲ್ಲಿ ಸರ್ವಜ್ಞಪೀಠವೆಂಬ ಪುಟ್ಟ ಶಿಲಾಮಂಟಪವಿದೆ. ದೇಗುಲದ ಸಮೀಪದವರೆಗೆ ಜೀಪುಗಳು ಹೋಗುತ್ತವೆ. ನಡೆಯಲಾಗದ ಹಿರಿಯರನ್ನು ಜೀಪಿನಲ್ಲಿ ಕಳುಹಿಸಿ, ಉಳಿದವರು ನಡೆದು ಹೋಗಿ ಅಲ್ಲಿ ಕೂಡಿಕೊಳ್ಳುವುದು ವಿವೇಕದ ಮಾರ್ಗ.

ಮೊದಲನೆಯದು ಕಾಲದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರವನ್ನು ಹೇಳಿದ. ಪ್ರತಿ 5 ಕಿ.ಮೀ. ದೂರಕ್ಕೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ದಾರಿ 8 ಕಿ.ಮೀ., ಏರಿಕೆ 600 ಮೀಟರ್ ಎಂದುಕೊಳ್ಳೋಣ. ಲೆಕ್ಕದಂತೆ ಎರಡೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಇದು ಗಟ್ಟಿಮುಟ್ಟಾದವರ ನಡಿಗೆ. ಮಕ್ಕಳೂ ತಾಯಂದಿರೂ ಅರವತ್ತು ದಾಟಿದ ನಮ್ಮಂಥವರೂ ಇದ್ದಲ್ಲಿ ಅದರ ಒಂದೂವರೆ ಪಟ್ಟು, ಅಂದರೆ ನಾಲ್ಕು ಗಂಟೆ ಹಿಡಿಯಬೇಕು. ಬೆಳಿಗ್ಗೆ 7ಕ್ಕೆ ಹೊರಟರೆ ಶಿಖರ ಸೇರುವುದು 11ಕ್ಕೆ. ಇಳಿಯುವಾಗ ಕಾಲ ಬಹಳ ಉಳಿಯುತ್ತದೆಂದು ನಂಬಬಾರದು. ಮೊಣಕಾಲಿಗೆ ಶ್ರಮ ಹೆಚ್ಚುವುದೂ ಕಾಲು ಜಾರುವುದೂ ಇಳಿಜಾರಿನಲ್ಲಿಯೇ.

ಆದುದರಿಂದ ಮರಳುವ ವೇಳೆಯನ್ನು ಮನೆಯಲ್ಲಿಯೇ ನಿಶ್ಚಯಿಸಬೇಕು. ಹನ್ನೆರಡೂವರೆಗೆ ಎಲ್ಲಿದ್ದರೂ ಹಿಂದಿರುಗತಕ್ಕದ್ದು ಎಂದು ಎಲ್ಲರೂ ಒಪ್ಪಿಕೊಂಡಿರಲಿ. ಶಿಖರ ಕಣ್ಣೆದುರಿಗೆ ಬಂದಾಗ 'ಇನ್ನು ಸ್ವಲ್ಪವೇ ಉಳಿದಿದೆ' ಎಂದು ಮನಸ್ಸು ಎಳೆಯುತ್ತದೆ. ಆ ಸಮಯದಲ್ಲಿ ಮಾಡುವ ತೀರ್ಮಾನ ಸರಿಯಾಗುವುದು ಅಪರೂಪ. ಮರಗಳ ಅಡಿಯಲ್ಲಿ ಸೂರ್ಯಾಸ್ತಕ್ಕೆ ಮುಂಚೆಯೇ ಕತ್ತಲೆ ಕವಿಯುತ್ತದೆ. ನಡಿಗೆಯ ವೇಗವನ್ನು ನಿರ್ಧರಿಸಬೇಕಾದವರು ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರು. ಅನುಭವಿಯಾದ ಒಬ್ಬರು ಎಲ್ಲರಿಗಿಂತ ಹಿಂದೆ ಇರಲಿ.

ಎರಡನೆಯದು ಋತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸೀಮೆಯ ಮಳೆ ಅತಿ ಭೀಕರ. ರಾಜ್ಯದಲ್ಲಿ ಅತ್ಯಧಿಕ ಮಳೆ ಬೀಳುವ ಊರುಗಳಲ್ಲೊಂದಾದ ಹುಲಿಕಲ್ ಇದೇ ತಾಲ್ಲೂಕಿನದು. ಆಗ ಹಳ್ಳಗಳು ಉಕ್ಕುತ್ತವೆ, ಬಂಡೆಗಳು ಜಾರುತ್ತವೆ, ಇಂಬಳಗಳ ಕಾಟ ಮಿತಿಮೀರುತ್ತದೆ. ಮಳೆಗಾಲ ಕಳೆದ ಮೇಲೆ, ನವೆಂಬರ್ ಆಸುಪಾಸಿನ ದಿನಗಳು ಹಿತಕರ.

ಡಿಸೆಂಬರಿನಿಂದ ಮೇವರೆಗೆ ಇನ್ನೊಂದು ಎಚ್ಚರಿಕೆ ಅಗತ್ಯ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣ್ಣೆಗಳ ಕಡಿತದಿಂದ ಹರಡುತ್ತದೆ. ಪೂರ್ಣ ತೋಳಿನ ಅಂಗಿ, ಕಾಲ್ಚೀಲದೊಳಗೆ ಸೇರಿಸಿದ ಉದ್ದನೆಯ ಉಡುಪು ಇರಲಿ. ತರಗೆಲೆಗಳ ಮೇಲೆ ಕೂರಬಾರದು. ಮಂಗ ಸತ್ತುಬಿದ್ದ ಜಾಗದತ್ತ ಸುಳಿಯಬಾರದು. ಮನೆಗೆ ಬಂದೊಡನೆ ಬಿಸಿನೀರು, ಸಾಬೂನಿನಿಂದ ಸ್ನಾನ ಮಾಡಿ, ತೊಟ್ಟ ಬಟ್ಟೆಗಳನ್ನು ಒಗೆಯಬೇಕು. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆ ಒಂದು ಮಾತು ಪ್ರಾಣವನ್ನು ಉಳಿಸಬಲ್ಲದು.

ಮೂರನೆಯದು ಅನುಮತಿ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ ಬಳಿಕ ಸರ್ಕಾರವು ಚಾರಣಕ್ಕೆ ಮುಂಗಡ ನೋಂದಣಿಯ ಕಟ್ಟುಪಾಡನ್ನು ಬಿಗಿಗೊಳಿಸಿತು. ಯಾವ ದಾರಿ ತೆರೆದಿದೆ, ನೋಂದಣಿ ಹೇಗೆ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಹೊರಡಬೇಕು. ಸ್ಥಳೀಯ ಮಾರ್ಗದರ್ಶಕರನ್ನು ಕರೆದೊಯ್ಯುವುದು ಲೇಸು. ಹುಲ್ಲುಗಾವಲಿಗೆ ಮಂಜು ಮುಸುಕಿದರೆ ಹತ್ತು ಹೆಜ್ಜೆಯಾಚೆಯ ದಾರಿಯೂ ಕಾಣದು.

ಬುತ್ತಿಗೆ ಚಪಾತಿ, ಚಟ್ನಿಪುಡಿ, ಶೇಂಗಾ ಉಂಡೆ ಸಾಕು. ತಲೆಗೆ ಕನಿಷ್ಠ ಎರಡು ಲೀಟರ್ ನೀರು, ಬ್ಯಾಟರಿ, ಶಿಳ್ಳೆ, ನಿತ್ಯದ ಔಷಧಿ ಜೊತೆಗಿರಲಿ. ಕಾಡಿನಲ್ಲಿ ಮೊಬೈಲ್ ಸಂಪರ್ಕವನ್ನು ನೆಚ್ಚಲಾಗದು. ಹೋಗುವ ದಾರಿಯನ್ನೂ ಮರಳುವ ವೇಳೆಯನ್ನೂ ಊರಿನಲ್ಲಿ ಉಳಿದವರೊಬ್ಬರಿಗೆ ಬರೆದುಕೊಟ್ಟು ಹೊರಡಿ. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಹಿಂದಕ್ಕೆ ತನ್ನಿ.

ಅರ್ಧದಾರಿಯಿಂದ ಮರಳಬೇಕಾಗಿ ಬಂದರೂ ಅದನ್ನು ಸೋಲೆಂದು ಭಾವಿಸಬೇಕಿಲ್ಲ. ಬೆಟ್ಟ ಅಲ್ಲಿಯೇ ಇರುತ್ತದೆ. ಮುಂದಿನ ವರ್ಷವೂ ಹೋಗಬಹುದು. ಹೋದವರೆಲ್ಲರೂ ಸಂಜೆ ಮನೆ ಸೇರಿ ಒಟ್ಟಿಗೆ ಊಟಕ್ಕೆ ಕುಳಿತರೆ ಆ ಯಾತ್ರೆ ಸಫಲವಾದಂತೆಯೇ.