ಸೈನಿಕನ ಕಣ್ಣಿಗೆ ಬಣ್ಣದ ಪರೀಕ್ಷೆ ಏಕೆ?

ದೇವದುರ್ಗದ ಎರೆಹೊಲವೊಂದರಲ್ಲಿ ಮೆಣಸಿನಕಾಯಿ ಬಿಡಿಸುತ್ತಿರುವ ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿ. ಒಬ್ಬನ ಕೈ ಹಸಿರೆಲೆಗಳ ನಡುವಣ ಕೆಂಪು ಹಣ್ಣಿಗೆ ನೇರವಾಗಿ ಹೋಗುತ್ತದೆ. ಇನ್ನೊಬ್ಬನು ತಡವರಿಸಿ, ಆಕಾರವನ್ನರಸಿ, ಮುಟ್ಟಿ ನೋಡಿ ಕೀಳುತ್ತಾನೆ. ಮುಂದೆ ಇಬ್ಬರೂ ಸೈನ್ಯಕ್ಕೆ ಸೇರಬಯಸುತ್ತಾರೆ. ಓಟದಲ್ಲಿಯೂ ಬರಹದಲ್ಲಿಯೂ ಎರಡನೆಯವನೇ ಮುಂದು. ಆದರೆ ವೈದ್ಯನು ಬಣ್ಣದ ಚುಕ್ಕಿಗಳ ಪುಟವನ್ನು ತೆರೆದಾಗ ಮೊದಲನೆಯವನು ಅಂಕಿಯನ್ನು ಓದುತ್ತಾನೆ. ಎರಡನೆಯವನಿಗೆ ಚುಕ್ಕಿಗಳಲ್ಲದೆ ಬೇರೇನೂ ಕಾಣದು. ವರ್ಷಗಳ ಆಸೆ ಗಳಿಗೆಯೊಂದರಲ್ಲಿ ಮುರಿಯುತ್ತದೆ. ಹಾಗಾದರೆ ಅವನ ತಪ್ಪೇನು?

ತಪ್ಪು ಅವನದಲ್ಲ, ಹುಟ್ಟಿನದು. ಕಣ್ಣಿನ ಹಿಂಬದಿಯಲ್ಲಿ ಅಕ್ಷಿಪಟಲವೆಂಬ ತೆಳುವಾದ ಪೊರೆಯುಂಟು. ಅದರಲ್ಲಿರುವ ಸುಮಾರು 60 ಲಕ್ಷ ಶಂಕುಕೋಶಗಳೇ ಬಣ್ಣವನ್ನು ಅರಿಯುವ ಸಾಧನಗಳು. ಇವು ಮೂರು ಬಗೆ. ಬೆಳಕಿನ ದೀರ್ಘ, ಮಧ್ಯಮ ಮತ್ತು ಹ್ರಸ್ವ ಅಲೆಗಳಿಗೆ ಅವು ಬೇರೆಬೇರೆಯಾಗಿ ಸ್ಪಂದಿಸುತ್ತವೆ. ಮೂರರ ವರದಿಗಳನ್ನು ಹೋಲಿಸಿ ಮಿದುಳು ಬಣ್ಣವನ್ನು ನಿರ್ಣಯಿಸುತ್ತದೆ. ಒಂದು ಬಗೆಯ ಶಂಕು ಇಲ್ಲದಿದ್ದರೆ, ಇಲ್ಲವೆ ಕೆಟ್ಟಿದ್ದರೆ, ಕೆಂಪು ಹಸಿರುಗಳ ಭೇದ ಮಸುಳುತ್ತದೆ. ಇದೇ ವರ್ಣಾಂಧತೆ.

ಕೆಂಪು ಹಸಿರಿನ ಜೀನುಗಳು ಎಕ್ಸ್ ವರ್ಣತಂತುವಿನಲ್ಲಿವೆ. ಹೆಣ್ಣಿಗೆ ಆ ತಂತು ಎರಡು. ಒಂದು ಕೆಟ್ಟರೂ ಮತ್ತೊಂದು ಕಾಯುತ್ತದೆ. ಗಂಡಿಗೆ ಇರುವುದು ಒಂದೇ. ಆದುದರಿಂದ ಈ ದೋಷ ಗಂಡಸರಲ್ಲಿಯೇ ಹೆಚ್ಚು. ತಾತನ ದೋಷವು ಮಗಳಲ್ಲಿ ಅಡಗಿದ್ದು ಮೊಮ್ಮಗನಲ್ಲಿ ಪ್ರಕಟವಾಗುವುದುಂಟು.

ಪರಮಾಣುವಾದದ ಜಾನ್ ಡಾಲ್ಟನ್ 1794ರಲ್ಲಿ ತನ್ನ ಈ ದೋಷವನ್ನು ತಾನೇ ವರ್ಣಿಸಿದನು. ತನ್ನ ಕಣ್ಣೊಳಗಿನ ದ್ರವವು ನೀಲಿಯಾಗಿರಬೇಕೆಂದು ಅವನ ಊಹೆ. 1844ರಲ್ಲಿ ಅವನು ತೀರಿಕೊಂಡ ಬಳಿಕ ಕಣ್ಣನ್ನು ಬಿಡಿಸಿ ನೋಡಿದಾಗ ದ್ರವವು ತಿಳಿಯಾಗಿತ್ತು. ಉಳಿಸಿಟ್ಟಿದ್ದ ಕಣ್ಣಿನ ಡಿ.ಎನ್.ಎ.ಯನ್ನು 1995ರಲ್ಲಿ ಪರೀಕ್ಷಿಸಿದಾಗ, ಮಧ್ಯಮ ಅಲೆಗೆ ಸ್ಪಂದಿಸುವ ಶಂಕುವಿನ ಜೀನೇ ಇಲ್ಲವೆಂದು ತಿಳಿಯಿತು.

ಸೈನ್ಯಕ್ಕೆ ಇಷ್ಟು ಕಟ್ಟುನಿಟ್ಟೇಕೆ? ರಾತ್ರಿಯಲ್ಲಿ ಹಡಗಿಗೂ ವಿಮಾನಕ್ಕೂ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ. ಎದುರಿನದು ಯಾವ ಕಡೆಗೆ ಸಾಗುತ್ತಿದೆಯೆಂಬುದನ್ನು ಆ ಎರಡು ಚುಕ್ಕಿಗಳೇ ಹೇಳಬೇಕು. ಹೊಲದಲ್ಲಿ ಮುಟ್ಟಿ ನೋಡಬಹುದು. ಆಕಾಶದಲ್ಲಿ ಮುಟ್ಟಿ ನೋಡಲಾದೀತೆ? ಚುಕ್ಕಿಗಳ ಪುಸ್ತಕವೂ ಸೈನ್ಯದ ಅಗತ್ಯದಿಂದಲೇ ಹುಟ್ಟಿತು. ಸೇನಾವೈದ್ಯನಾಗಿದ್ದ ಜಪಾನಿನ ಶಿನೊಬು ಇಶಿಹಾರಾ ಅದನ್ನು ರಚಿಸಿ 1917ರಲ್ಲಿ ಪ್ರಕಟಿಸಿದನು. ಕತ್ತಲೆಕೋಣೆಯಲ್ಲಿ ಕೆಂಪು, ಹಸಿರು, ಬಿಳಿ ದೀಪಗಳನ್ನು ತೋರುವ ಮಾರ್ಟಿನ್ ಲಾಂದ್ರವೂ ಇಂತಹ ಪರೀಕ್ಷೆಗೆ ಬಳಕೆಯಾಗಿದೆ.

ಆದರೆ ಎಲ್ಲ ಹುದ್ದೆಗೂ ಒಂದೇ ಅಳತೆಯಿಲ್ಲ. ಭಾರತೀಯ ಪಡೆಗಳಲ್ಲಿ ವರ್ಣದೃಷ್ಟಿಯನ್ನು ‘ಸಿ.ಪಿ.’ ಎಂಬ ದರ್ಜೆಗಳಾಗಿ ವಿಂಗಡಿಸಿದ್ದಾರೆ. ವಿಮಾನ ನಡೆಸುವವನಿಗೆ ಬೇಕಾದ ದರ್ಜೆಯು ಎಲ್ಲರಿಗೂ ಬೇಕಿಲ್ಲ. ಬಣ್ಣದ ಕನ್ನಡಕವು ಕೆಲವು ಬಣ್ಣಗಳ ಅಂತರವನ್ನು ಹೆಚ್ಚಿಸೀತೇ ಹೊರತು ಇಲ್ಲದ ಶಂಕುವನ್ನು ಸೃಷ್ಟಿಸದು. ಪುಟದ ಅಂಕಿಗಳನ್ನು ಬಾಯಿಪಾಠ ಮಾಡಿ ಗೆದ್ದವನು ವೈದ್ಯನನ್ನಲ್ಲ, ತನ್ನನ್ನೂ ಸಂಗಡಿಗರನ್ನೂ ಅಪಾಯಕ್ಕೆ ಒಡ್ಡಿ ಮೋಸಮಾಡಿದಂತೆ.

ಆದುದರಿಂದ ಸೈನ್ಯದ ಕನಸು ಕಾಣುವ ವಿದ್ಯಾರ್ಥಿಯು ಪ್ರೌಢಶಾಲೆಯಲ್ಲಿರುವಾಗಲೇ ಕಣ್ಣಿನ ವೈದ್ಯನಲ್ಲಿ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳುವುದು ಮೇಲು. ದೋಷವಿದ್ದರೆ, ತಕ್ಕ ಬೇರೆ ದಾರಿಯನ್ನು ಆರಿಸಿಕೊಳ್ಳಲು ಆಗ ಬೇಕಾದಷ್ಟು ಕಾಲವಿರುತ್ತದೆ.